ರೀನೊ ಕಸೆಲ್ಲಿನಿಯ ಮೋಟು ಬಂದೂಕು

ಕ್ಲೋಡೆಟ್ ಪೆಲ್ಟಿಯೆ ಶೆರಿಫ್ ಕಚೇರಿಯ ಬೆರಳಚ್ಚಿನ ಮೇಜಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರು, ಮಗುವನ್ನು ದತ್ತು ತೆಗೆದುಕೊಳ್ಳಲು ಹೊರಟ ದಂಪತಿಗಳು, ಶಾಲೆಗೆ ಹೊಸದಾಗಿ ಸೇರುವ ಮೇಡಮ್ಮುಗಳು, ಎಲ್ಲರ ಕೈಯನ್ನೂ ಅವಳು ಹಿಡಿದು ಒತ್ತಿಸಿದ್ದಳು. ಬೆವರುವ ಕೈ, ನಡುಗುವ ಕೈ, ಗರಗಸಕ್ಕೆ ಒಂದೆರಡು ಬೆರಳು ಕೊಟ್ಟುಬಂದ ಕೈ ಎಲ್ಲವನ್ನೂ ಕಂಡವಳು. ಆದರೆ ಹತ್ತು ಬೆರಳೂ ನೆಟ್ಟಗಿದ್ದು, ಒಂದರಲ್ಲೂ ಗೆರೆಯೇ ಇಲ್ಲದ ಕೈಯನ್ನು ಅವಳು ಮೊದಲ ಸಲ ನೋಡಿದ್ದು ಆ ಮಾರ್ಚ್ ತಿಂಗಳ ಮಂಗಳವಾರ.

ಎಪ್ಪತ್ತನಾಲ್ಕು ವರ್ಷದ ಗಿಡ್ಡ ಮುದುಕ. ಬೂಟಿನಿಂದ ಹಿಮ ಕೊಡವಿಕೊಂಡು ಒಳಗೆ ಬಂದ, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ಅರ್ಜಿಯನ್ನು ಮೇಜಿನ ಮೇಲೆ ಬಿಡಿಸಿಟ್ಟ. ಹೆಸರು ಸೆವೆರೀನೊ ಕಸೆಲ್ಲಿನಿ; ಊರವರಿಗೆಲ್ಲ ರೀನೊ. ಊರು ವರ್ಮಾಂಟ್ ರಾಜ್ಯದ ಆಡಮ್ಸ್‌ಬರಿ. ಕ್ಲೋಡೆಟ್ ಅವನ ಬಲಗೈ ತೋರುಬೆರಳನ್ನು ಯಂತ್ರದ ಗಾಜಿನ ಮೇಲಿಟ್ಟಳು. ‘ಬೆರಳು ಇಡಿ’ ಎಂದಿತು ಯಂತ್ರ. ಇಟ್ಟೇ ಇದೆಯಲ್ಲ ಎಂದುಕೊಂಡು ಅವಳು ಗಾಜು ಒರೆಸಿ ಮತ್ತೆ ಇಟ್ಟಳು. ಮತ್ತೆ ಅದೇ ಮಾತು. ಆಮೇಲೆ ಕೈ ತಿರುಗಿಸಿ ಬೆಳಕಿಗೆ ಹಿಡಿದಳು. ಬೆರಳ ತುದಿಗಳು ನದಿಯೊಳಗಿನ ಬೆಣಚುಕಲ್ಲಿನಂತೆ ನುಣ್ಣಗಿದ್ದವು.

“ಏನ್ ಸಾರ್ ಇದು? ನಿಮ್ಮ ಬೆರಳಲ್ಲಿ ಗೆರೆಗಳೇ ಇಲ್ವಲ್ಲ!”

“ಇದ್ವಮ್ಮ. ನಲವತ್ತಾರು ವರ್ಷ ಗ್ರಾನೈಟ್ ಕೆತ್ತಿದೆ. ನಾನು ಕಲ್ಲು ತಿಂದೆ, ಕಲ್ಲು ನನ್ನ ಬೆರಳು ತಿಂತು.”

“ಬ್ಯಾಂಕ್ ದರೋಡೆ ಮಾಡಿದ್ರೂ ಯಾರೂ ಹಿಡಿಯೋಕಾಗ್ತಿರ್ಲಿಲ್ಲ ನಿಮ್ಮನ್ನ.”

“ಈ ಮಂಡಿ ಇಟ್ಕೊಂಡು ಓಡೋಕಾಗ್ಬೇಕಲ್ಲ ಮಗಳೇ.”

ಕ್ಲೋಡೆಟ್ ನಕ್ಕಳು. ಹಳೇ ಶಾಯಿ ಡಬ್ಬಿ ಹುಡುಕಿ ತಂದು, ರಟ್ಟಿನ ಮೇಲೆ ಒಂದೊಂದೇ ಬೆರಳನ್ನು ಉರುಳಿಸಿದಳು. ಹತ್ತು ಚೌಕಗಳಲ್ಲಿ ಹತ್ತು ಕಪ್ಪು ಮಚ್ಚೆ ಬಿದ್ದವು. ಅಷ್ಟೇ.

ಅರ್ಜಿ ಏತಕ್ಕೆಂದು ಅವಳು ಓದಿದ್ದು ಆಮೇಲೆ. ಹಳೆಯ ಪಂಪ್ ಬಂದೂಕೊಂದರ ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡಲು ಅನುಮತಿ ಬೇಕಿತ್ತು. ಹದಿನೆಂಟು ಇಂಚಿಗಿಂತ ಗಿಡ್ಡ ನಳಿಗೆ ಇಟ್ಟುಕೊಳ್ಳಬೇಕಾದರೆ ವಾಷಿಂಗ್ಟನ್ನಿನ ದಫ್ತರದಲ್ಲಿ ಹೆಸರು ನೋಂದಾಯಿಸಬೇಕು; ಭಾವಚಿತ್ರ ಕೊಡಬೇಕು, ಬೆರಳಚ್ಚು ಕೊಡಬೇಕು, ಒಪ್ಪಿಗೆ ಬರುವ ತನಕ ಗರಗಸ ಮುಟ್ಟಬಾರದು.

“ಮೊದ್ಲು ಕುಯ್ದು ಆಮೇಲೆ ಕೇಳೋರೂ ಇದಾರೆ,” ಎಂದ ಮುದುಕ, ಕೈಯ ಶಾಯಿ ಒರೆಸಿಕೊಳ್ಳುತ್ತ. “ಅವ್ರೆಲ್ಲ ಜೈಲಲ್ಲಿದಾರೆ.”

“ಅಷ್ಟೆಲ್ಲ ಕಷ್ಟ ಯಾಕೆ? ಬೇರೆ ನಳಿಗೆ ಹಾಕ್ಸಿದ್ರೆ ಆಗಲ್ವಾ?”

“ಎಲ್ರೂ ಅದನ್ನೇ ಕೇಳ್ತಾರೆ,” ಎಂದಷ್ಟೇ ಹೇಳಿ ಅವನು ಟೋಪಿ ಹಾಕಿಕೊಂಡ.

ಮಚ್ಚೆಗಳ ರಟ್ಟು ಜೂನ್ ತಿಂಗಳಲ್ಲಿ ವಾಪಸು ಬಂತು. ಓದಲಾಗುತ್ತಿಲ್ಲ, ಮತ್ತೆ ಕಳಿಸಿ. ಕ್ಲೋಡೆಟ್‌ಗೆ ಅದೊಂದು ಹಟವಾಗಿಬಿಟ್ಟಿತು. ರಾಜ್ಯದ ರಾಜಧಾನಿಯ ಬೆರಳಚ್ಚು ಪ್ರಯೋಗಾಲಯಕ್ಕೆ ಫೋನು ಮಾಡಿ ಕೇಳಿದಳು. ಚರ್ಮ ಸತ್ತಿಲ್ಲ, ಸವೆದಿದೆ ಅಷ್ಟೆ. ಆರೇಳು ವಾರ ಒರಟು ಏನನ್ನೂ ಮುಟ್ಟದೆ ಎಣ್ಣೆ ಹಚ್ಚಿ ಬಿಟ್ಟರೆ ಗೆರೆ ಮತ್ತೆ ಮೂಡಬಹುದು ಎಂದು ಅವರು ಹೇಳಿದರು. ಅವಳು ರೀನೊನನ್ನು ಕರೆಸಿ, ಹಾಲಿನವರು ಹಸುವಿನ ಕೆಚ್ಚಲಿಗೆ ಹಚ್ಚುವ ಹಳದಿ ಮುಲಾಮಿನ ಡಬ್ಬಿ ಕೊಟ್ಟಳು, ಒಂದು ಜೊತೆ ಹತ್ತಿಯ ಕೈಗವಸು ಕೊಟ್ಟಳು.

“ಆರು ವಾರ ಕಲ್ಲು ಮುಟ್ಬಾರದು.”

“ನಾನು ರಿಟೈರಾಗಿದೀನಿ.”

“ಮನೇಲಿ ಮುಟ್ಟಲ್ವಾ?”

ಮುದುಕ ಕಿಟಕಿಯಾಚೆ ನೋಡಿದ. “ಮನೇಲಿ ಮುಟ್ಟೋದು ಲೆಕ್ಕಕ್ಕಾ?”

ಮೂರನೆಯ ವಾರ ಅವನ ಹೆಂಡತಿ ಡೆಲ್ಫೀನಾಳ ಫೋನು ಬಂತು. “ನೀನೇನಾ ಆ ಬೆರಳಿನ ಹುಡುಗಿ? ನನ್ನ ಗಂಡ ಕಳ್ಳಾಟ ಆಡ್ತಿದಾನಮ್ಮ. ಬೆಳಗ್ಗೆ ಎದ್ದು ನೋಡಿದ್ರೆ ಶೆಡ್ಡಲ್ಲಿ ಅರ ಹಿಡ್ಕೊಂಡು ಕೂತಿದ್ದ. ಒಂದ್ಸಲ ಯೂನಿಫಾರ್ಮ್ ಹಾಕ್ಕೊಂಡು ಬಂದು ಹೆದರ್ಸಿ ಹೋಗು.”

ಕ್ಲೋಡೆಟ್ ಕೆಲಸ ಮುಗಿಸಿ ಹೋಗುವ ದಾರಿಯಲ್ಲೇ ಅವರ ಮನೆ. ಗಾಡಿ ನಿಲ್ಲಿಸಿದಾಗ ರೀನೊ ಜಗುಲಿಯ ಕುರ್ಚಿಯಲ್ಲಿ, ಬಿಳಿ ಗವಸು ತೊಟ್ಟ ಕೈಗಳನ್ನು ತೊಡೆಯ ಮೇಲೆ ಜೋಡಿಸಿಕೊಂಡು, ಶವಪೆಟ್ಟಿಗೆ ಹೊರಲು ಕಾಯುತ್ತಿರುವವನ ಹಾಗೆ ಕೂತಿದ್ದ.

“ನಲವತ್ತೇಳು ವರ್ಷದಿಂದ ಹೇಳ್ತಿದೀನಿ, ಒಂದು ಗಳಿಗೆ ಸುಮ್ನೆ ಕೂತ್ಕೋ ಅಂತ,” ಡೆಲ್ಫೀನಾ ಕಾಫಿ ತಂದಿಡುತ್ತ ಹೇಳಿದಳು. “ನನ್ನ ಮಾತಿಗೆ ಕೂರ್ಲಿಲ್ಲ. ವಾಷಿಂಗ್ಟನ್‌ನೋರು ಹೇಳಿದ್ರು, ಕೂತ.”

“ಕೂತಿದೀನಲ್ಲ, ಇನ್ನೇನು?”

“ಅರ ಹಿಡ್ಕೊಂಡಿದ್ದು ಯಾರು, ನಿನ್ನ ದೆವ್ವಾನಾ?”

“ಮರಕ್ಕೆ ಉಜ್ತಿದ್ದೆ ಕಣೇ. ಕಲ್ಲಿಗಲ್ಲ.”

ಬೈಯಲು ಬಂದ ಕ್ಲೋಡೆಟ್ ಆ ಮರವೇನೆಂದು ನೋಡಲು ಶೆಡ್ಡಿಗೆ ಹೋದಳು. ಅಲ್ಲಿ ಕೆಲಸದ ಮೇಜಿನ ಮೇಲೆ, ಹಳೇ ಕಂಬಳಿಯೊಂದರ ಮೇಲೆ ಬಂದೂಕನ್ನು ಬಿಚ್ಚಿ ಹರಡಲಾಗಿತ್ತು. ಅವಳೂ ಬಂದೂಕುಗಳ ನಡುವೆಯೇ ಬೆಳೆದವಳು. ಅಣ್ಣಂದಿರು ನವೆಂಬರ್ ಬಂದರೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಈ ನಳಿಗೆಯನ್ನು ನೋಡಿ ಅವಳ ಕೈ ತನ್ನಷ್ಟಕ್ಕೆ ಬಾಯಿಗೆ ಹೋಯಿತು. ಅರ್ಧದವರೆಗೆ ನೆಟ್ಟಗಿದ್ದ ಉಕ್ಕು, ಅಲ್ಲಿಂದ ಮುಂದೆ ಹೊಟ್ಟೆ ಉಬ್ಬಿ, ಸೀಳಿ, ಬಾಳೆಹಣ್ಣಿನ ಸಿಪ್ಪೆಯಂತೆ ಹೊರಕ್ಕೆ ಸುರುಳಿ ಸುತ್ತಿಕೊಂಡಿತ್ತು.

ಹಿಂದೆಯೇ ಬಂದ ರೀನೊನಿಂದ ಮಾತು ತಾನಾಗಿ ಬಂತು. ಅವನ ಅಪ್ಪ ಅಟ್ಟಿಲಿಯೊ, ಅವನೂ ಕಲ್ಲು ಕೆತ್ತುವವನೇ, ಸಮಾಧಿಯ ಮೇಲೆ ಅಕ್ಷರ ಕೊರೆಯುವುದರಲ್ಲಿ ಎತ್ತಿದ ಕೈ. ಎರಡನೇ ಮಹಾಯುದ್ಧ ಮುಗಿದ ಮೂರನೇ ವರ್ಷ ಆ ಬಂದೂಕನ್ನು ಕೊಂಡಿದ್ದ. ಮುಂದಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಖಾಲಿ ತೋಟಾ ಹಾರಿಬಿದ್ದು ಹೊಸದು ಒಳಗೆ ಕೂರುವ ಜಾತಿಯದು. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ, ರೀನೊಗೆ ಹದಿನೈದು ತುಂಬಿದಾಗ, ಪೊದೆಗಾಡಿನ ಪಾರ್ಟ್ರಿಜ್ ಕೋಳಿ ಹೊಡೆಯಲು ಮೊದಲ ಸಲ ಅಪ್ಪ ಅದನ್ನು ಅವನ ಕೈಗೆ ಕೊಟ್ಟ. ತೋಟಾ ಒದ್ದೆಯಾಗಿತ್ತೋ ಏನೋ, ಬಂದೂಕಿನ ಕುದುರೆ ಎಳೆದರೆ ಢಂ ಎನ್ನಲಿಲ್ಲ, ‘ಪುಸ್’ ಎಂದಿತು. ತೋಟಾದೊಳಗಿನ ಚರೆ ನಳಿಗೆಯ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿದ್ದು ಹುಡುಗನಿಗೆ ಗೊತ್ತಾಗಲಿಲ್ಲ. ಹಿಡಿ ಎಳೆದ, ತಳ್ಳಿದ, ಮತ್ತೆ ಹೊಡೆದ.

“ಕಿವಿಯೊಳಗೆ ಗಂಟೆ ಬಾರಿಸ್ದ ಹಾಗಾಯ್ತು. ಕಣ್ಣು ಬಿಟ್ರೆ ಅಪ್ಪ ನನ್ನ ಮುಂದೆ ಮಂಡಿಯೂರಿ ಕೂತು ನನ್ನ ಬೆರಳು ಎಣಿಸ್ತಿದಾನೆ. ಒಂದ್ಸಲ ಎಣಿಸ್ದ. ನಂಬಿಕೆ ಬರ್ಲಿಲ್ಲ, ಇನ್ನೊಂದ್ಸಲ ಎಣಿಸ್ದ. ಒಂದು ಗೀರೂ ಇರ್ಲಿಲ್ಲ ನನ್ನ ಮೈ ಮೇಲೆ. ಆಮೇಲೆ ಆ ನಳಿಗೇನ ಮುಟ್ಟಿ, ‘ನೀನು ಸಾಯೋ ಜಾಗದಲ್ಲಿ ಇದು ಸತ್ತಿದೆ’ ಅಂದ. ಗೋಡೆಗೆ ನೇತುಹಾಕ್ದ. ಆಮೇಲೆ ಐದೇ ವರ್ಷ ಅವ್ನು ಇದ್ದಿದ್ದು, ಕಲ್ಲಿನ ಧೂಳು ಎದೆ ತುಂಬ್ಕೊಂಡಿತ್ತು. ಈಗ ಇದನ್ನ ಬಿಸಾಕಿ ಬೇರೆ ನಳಿಗೆ ಹಾಕ್ಸು ಅಂದ್ರೆ ಹೆಂಗಮ್ಮ?”

ಪಕ್ಕದೂರಿನ ಬಂದೂಕು ರಿಪೇರಿಯವನು ನಳಿಗೆಯನ್ನು ಇಡೀ ವಾರ ಇಟ್ಟುಕೊಂಡು ಪರೀಕ್ಷೆ ಮಾಡಿದ್ದ. ಬುಡದಿಂದ ಹದಿನೈದೂವರೆ ಇಂಚು ಗಟ್ಟಿ, ಬಿರುಕಿಲ್ಲ. ಅದರಾಚೆ ನಂಬುವ ಹಾಗಿಲ್ಲ ಎಂದು ಬರೆದುಕೊಟ್ಟಿದ್ದ. ಉಳಿದದ್ದನ್ನು ಉಳಿಸಿಕೊಳ್ಳಬೇಕೆಂದರೆ ಕಾನೂನಿನ ಬಾಗಿಲಿಗೆ ಹೋಗಲೇಬೇಕಿತ್ತು.

ಬಂದೂಕಿನ ಹಿಂಬದಿಯಲ್ಲಿ ಹೆಗಲಿಗೆ ಆನಿಸುವ ಮರ ಒಡೆದಿತ್ತು, ಅದರ ಬದಲು ರೀನೊ ಹೊಸದನ್ನು ಮಾಡುತ್ತಿದ್ದ. ಹಿತ್ತಿಲಲ್ಲಿ ಗಾಳಿಗೆ ಬಿದ್ದ ಚೆರ್ರಿ ಮರದ ತುಂಡು, ಎಂಟು ವರ್ಷ ಅಟ್ಟದಲ್ಲಿ ಒಣಗಿದ್ದು. ಕ್ಲೋಡೆಟ್ ಅದನ್ನು ಕೈಗೆತ್ತಿಕೊಂಡಳು. ಕೆನ್ನೆ ತಾಗುವ ಜಾಗದಲ್ಲಿ ಹಳ್ಳದ ಬದಿ ಬೆಳೆಯುವ ಆಲ್ಡರ್ ಗಿಡದ ಒಂದು ರೆಂಬೆ ಕೆತ್ತಿದ್ದ: ಮೂರು ಎಲೆ, ಎರಡು ಪುಟ್ಟ ಕಾಯಿ. ಒಂದು ಎಲೆಯ ಅಂಚನ್ನು ಹುಳು ತಿಂದಿತ್ತು. ಹುಳು ತಿಂದ ಆ ತೂತಿನ ಅಂಚು ಕೂಡ ಮರದಲ್ಲಿ ಒಂದಿಷ್ಟು ಒಣಗಿ ಮುದುರಿದಂತೆ ಇತ್ತು. ಅವಳು ಅದರ ಮೇಲೆ ಹೆಬ್ಬೆರಳು ಆಡಿಸಿದಳು. ಎಲೆ ಅಲ್ಲಾಡುತ್ತದೇನೋ ಎನ್ನಿಸಿತು.

“ಇದನ್ನ... ನೀವು ಕೈಯಲ್ಲೇ ಮಾಡಿದ್ರಾ?”

“ಇನ್ಯಾವುದ್ರಲ್ಲಿ, ಕಾಲಲ್ಲಾ?” ಎಂದಳು ಹಿಂದೆ ಬಂದು ನಿಂತ ಡೆಲ್ಫೀನಾ.

ರೀನೊಗೆ ಮಾತ್ರ ತನ್ನ ಕೆಲಸ ತೋರಿಸುವ ಆಸೆಯಿದ್ದಂತೆ ಕಾಣಲಿಲ್ಲ. ಅವನು ಗವಸಿನ ಕೈಯಿಂದಲೇ ಬಂದೂಕಿನ ಉಕ್ಕಿನ ಮೈಯನ್ನೆತ್ತಿ ಒಳಗಡೆ ಟಾರ್ಚು ಬಿಟ್ಟ. “ಇಲ್ಲಿ ನೋಡು. ಈ ಮೂಲೇಲಿ.” ಕ್ಲೋಡೆಟ್ ಬಗ್ಗಿ ನೋಡಿದಳು. ಒಳಗೋಡೆಯಲ್ಲಿ, ಯಾರ ಕಣ್ಣಿಗೂ ಬೀಳದ ಸಂದಿಯಲ್ಲಿ, ಕೂದಲೆಳೆಯಂಥ ಗೆರೆಗಳು ಒಂದರ ಪಕ್ಕ ಒಂದು ಸಾಲಾಗಿ ಕೂತಿದ್ದವು.

“ಅರದ ಗುರುತು. ಕಾರ್ಖಾನೇಲಿ ಯಾರೋ ಒಬ್ಬ, ಎಪ್ಪತ್ತು ವರ್ಷದ ಹಿಂದೆ. ಇಲ್ಲಿ ಒರಟಾಗಿ ಬಿಟ್ಟಿದ್ರೂ ಬಂದೂಕು ಓಡ್ತಿತ್ತು. ಯಾರು ಕೇಳ್ತಿದ್ರು? ಆದ್ರೂ ಮಾಡಿದಾನೆ. ಅವ್ನ ಹೆಸ್ರು ಎಲ್ಲೂ ಇಲ್ಲ.” ಅವನ ದನಿ ಇಗರ್ಜಿಯೊಳಗೆ ಮಾತಾಡುವವನಂತೆ ತಗ್ಗಿತ್ತು. “ಈ ಮೂಲೆಗೆ ಬಂದಾಗ ನಾನು ಟೋಪಿ ತೆಗೀತೀನಿ.”

ಹೊರಡುವಾಗ ಕ್ಲೋಡೆಟ್ ಸುಮ್ಮನೆ ಕೇಳಿದಳು, ನೀವು ಕೆತ್ತಿದ ಕಲ್ಲು ಎಲ್ಲಿದೆ ನೋಡೋಕೆ ಅಂತ. ಅವನು ಭುಜ ಕುಣಿಸಿದ. ಎಲ್ಲೆಲ್ಲಿಯೋ. ಟೆಕ್ಸಾಸಿನಲ್ಲಿದೆ, ಒಹಾಯೊದಲ್ಲಿದೆ. ಈ ಊರಲ್ಲಿ? ನಿಮ್ಮವರದ್ದು ಯಾವ ಸ್ಮಶಾನ ಎಂದ. ಅವಳು ಹೇಳಿದಳು: ಸೇಂಟ್ ಸಿಲ್ವೆಸ್ಟರ್, ಮೇಲಿನ ಸಾಲು, ನಮ್ಮಜ್ಜಿ ಅಲ್ಲಿದಾಳೆ.

“ಪೆಲ್ಟಿಯೆ... ಲಿಲ್ಲಿ ಹೂವು. ಅಲ್ವಾ? ನಾಲ್ಕು ಅರಳಿದ್ದು, ಒಂದು ಮೊಗ್ಗು. ಎಡಗಡೆ ಎಸಳೊಂದು ಹಿಂದಕ್ಕೆ ಮಡಚಿದೆ.”

ಚಿಕ್ಕವಳಿದ್ದಾಗ ಕ್ಲೋಡೆಟ್ ಪ್ರತಿ ಭಾನುವಾರ ಆ ಮಡಚಿದ ಎಸಳಿನೊಳಗೆ ಬೆರಳಿಟ್ಟು ಮಳೆನೀರು ಹುಡುಕುತ್ತಿದ್ದಳು.

“ನಿಮ್ಮಜ್ಜ ಹೂವನ್ನ ಒದ್ದೆ ಪೇಪರಲ್ಲಿ ಸುತ್ಕೊಂಡು ನಾವು ಕಲ್ಲು ಕೆತ್ತೋ ಶೆಡ್ಡಿಗೆ ತಂದಿದ್ದ. ದಾರೀಲಿ ಎಸಳು ಮಡಚಿತ್ತು. ಸರಿ ಮಾಡಿ ಕೆತ್ಲಾ ಅಂದೆ. ಬೇಡ, ಅವಳು ಬೆಳೆಸಿದ್ದು ಇದು, ಇದು ಹೆಂಗಿದ್ಯೋ ಹಂಗೇ ಇರ್ಲಿ ಅಂದ.”

ಮನೆಗೆ ಹೋಗುವ ಬದಲು ಅವಳು ಗಾಡಿಯನ್ನು ಸ್ಮಶಾನದ ಗುಡ್ಡಕ್ಕೆ ತಿರುಗಿಸಿದಳು. ಲಿಲ್ಲಿಗಳು ಇದ್ದವು. ಕಲ್ಲಿನ ಮುಂದೆ, ಹಿಂದೆ, ಬುಡದ ಹುಲ್ಲು ಸರಿಸಿ ಎಲ್ಲ ಕಡೆ ನೋಡಿದಳು. ಕೆತ್ತಿದವನ ಹೆಸರು ಎಲ್ಲೂ ಇರಲಿಲ್ಲ. ಆ ಸಾಲಿನಲ್ಲೂ ಇರಲಿಲ್ಲ, ಮುಂದಿನ ಸಾಲಿನಲ್ಲೂ ಇರಲಿಲ್ಲ. ಗುಲಾಬಿ, ದೇವತೆ, ದ್ರಾಕ್ಷಿ ಬಳ್ಳಿ, ಮಲಗಿದ ನಾಯಿ. ಇಷ್ಟು ವರ್ಷ ಅವು ಅಲ್ಲಿ ತಾವಾಗಿ ಬೆಳೆದವೇನೋ ಎಂಬಂತೆ ಅವಳು ನಡುವೆ ಓಡಾಡಿದ್ದಳು.

ಆರು ವಾರ ತುಂಬಿದ ದಿನ ರೀನೊ ಗಡ್ಡ ಹೆರೆದುಕೊಂಡು, ಒಳ್ಳೆಯ ಅಂಗಿ ಹಾಕಿಕೊಂಡು ಕಚೇರಿಗೆ ಬಂದ. ಜೊತೆಗೆ ಡೆಲ್ಫೀನಾ. ಕ್ಲೋಡೆಟ್ ಗವಸು ಬಿಚ್ಚಿ, ಬೆರಳು ಒರೆಸಿ, ತೆಳುವಾಗಿ ಶಾಯಿ ಸವರಿ, ಉಸಿರು ಬಿಗಿಹಿಡಿದು ಉರುಳಿಸಿದಳು. ರಟ್ಟಿನ ಮೇಲೆ ತೀರಾ ಮಸುಕಾಗಿ, ಆದರೆ ಸಂಶಯವಿಲ್ಲದಂತೆ, ಸುಳಿಯೊಂದು ಮೂಡಿತ್ತು. ಎಂಟು ಬೆರಳಿನಲ್ಲಿ ಬಂತು. ಹೆಬ್ಬೆರಳು ಎರಡೂ ಬರಲೇ ಇಲ್ಲ. ಉಳಿ, ಸುತ್ತಿಗೆಗಳ ಹಿಡಿ ನಲವತ್ತಾರು ವರ್ಷ ಒತ್ತಿದ ಜಾಗ ಅವು.

ರೀನೊ ಕನ್ನಡಕ ಏರಿಸಿಕೊಂಡು ರಟ್ಟನ್ನು ಬಹಳ ಹೊತ್ತು ನೋಡಿದ. “ಇದು ನಂದಾ?”

“ಪ್ರಪಂಚದಲ್ಲಿ ನಿಮಗೊಬ್ಬರಿಗೇ ಇರೋದು.”

“ಎಲ್ಲಿಗೆ ಹೋಗಿತ್ತು ಇಷ್ಟು ದಿನ?” ಅವನು ಹೆಂಡತಿಗೆ ತೋರಿಸಿದ. “ನೋಡೇ, ಅಲ್ಲೇ ಒಳಗೆ ಕೂತಿತ್ತು.”

ಡೆಲ್ಫೀನಾ ಆ ಒಂದು ಸಲ ಏನೂ ಹಂಗಿಸಲಿಲ್ಲ. ಅವನ ಕೈ ಹಿಡಿದು ತುದಿಬೆರಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಕೆನ್ನೆಗೆ ಶಾಯಿ ಮೆತ್ತಿತು.

ಕ್ಲೋಡೆಟ್ ಹೆಬ್ಬೆರಳುಗಳ ಬಗ್ಗೆ ಒಂದು ಪತ್ರ ಬರೆದು ಲಗತ್ತಿಸಿ ಕಳಿಸಿದಳು. ಹತ್ತು ತಿಂಗಳು ಹಿಡಿಯಿತು. ಮರು ವರ್ಷ ಜೂನ್ ಕೊನೆಗೆ, ರೀನೊನ ಅರ್ಜಿಯ ಮೂಲೆಗೆ ಒಪ್ಪಿಗೆಯ ಚೀಟಿ ಅಂಟಿಸಿಕೊಂಡು ಲಕೋಟೆ ಬಂತು. ಮರುದಿನವೇ ಅವನು ನಳಿಗೆಯನ್ನು ರಿಪೇರಿಯವನ ಬಳಿ ಒಯ್ದು, ಅವನು ನೋಡುತ್ತಿರುವಂತೆಯೇ ತಾನೇ ಗರಗಸ ಹಿಡಿದು ಕತ್ತರಿಸಿದ. ಸೀಳಿದ ತುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದ.

ಎಲ್ಲ ಮುಗಿಯಿತು ಎಂದುಕೊಂಡಾಗ ಇನ್ನೊಂದು ಎದುರಾಯಿತು. ಹೀಗೆ ಬದಲಿಸಿದ ಬಂದೂಕಿನ ಮೇಲೆ ಮಾಡಿದವನ ಹೆಸರು, ಊರು, ರಾಜ್ಯವನ್ನು ಲೋಹದಲ್ಲಿ ಆಳವಾಗಿ ಕೆತ್ತಿರಬೇಕು. ಅದು ಕಾನೂನು. ಅರ್ಜಿಯ ಹಿಂಬದಿಯಲ್ಲೇ ಬರೆದಿತ್ತು. ರೀನೊ ಓದಿರಲಿಲ್ಲ, ಅಥವಾ ಓದಿಯೂ ಓದದವನಂತೆ ಇದ್ದ.

“ಅಪ್ಪನ ಹೆಸ್ರು ಹಾಕ್ತೀನಿ,” ಎಂದ ಕ್ಲೋಡೆಟ್‌ಗೆ ಫೋನು ಮಾಡಿ.

“ಆಗಲ್ಲ ರೀನೊ. ಅರ್ಜಿ ಹಾಕಿದೋರು ನೀವು, ಮಾಡಿದೋರು ನೀವು. ನಿಮ್ಮ ಹೆಸ್ರೇ ಇರ್ಬೇಕು.”

“ನಮ್ಮ ಕಲ್ಲಿನ ಶೆಡ್ಡಲ್ಲಿ ಕೆಲ್ಸಕ್ಕೆ ಸೇರಿದ ಮೊದಲ ದಿನಾನೇ ಒಂದು ಮಾತು ಹೇಳ್ಕೊಡ್ತಿದ್ರಮ್ಮ. ಹೆಸ್ರು ಸತ್ತೋರದ್ದು, ಕೆಲ್ಸ ನಮ್ದು. ಎಷ್ಟು ಸಾವಿರ ಹೆಸ್ರು ಕೆತ್ತಿದೀನೋ. ನಂದು ಒಂದ್ಸಲಾನೂ ಕೆತ್ತಿಲ್ಲ. ಅದರ ಅಕ್ಷರ ಹೆಂಗೆ ಕೂರುತ್ತೆ ಅಂತಾನೇ ಗೊತ್ತಿಲ್ಲ ನಂಗೆ.”

ಹಿಂದಿನಿಂದ ಡೆಲ್ಫೀನಾಳ ದನಿ ಕೇಳಿಸಿತು. “ಸತ್ತೋರ ಹೆಸ್ರಿಗೆಲ್ಲ ಕೈ ನಡುಗ್ಲಿಲ್ಲ, ಬದುಕಿರೋನ ಹೆಸ್ರಿಗೆ ನಡುಗುತ್ತಂತೆ! ಕೆತ್ತೋ ಮಾರಾಯ. ಚೀಟಿ ಬಂದಿದ್ದು ನಿನ್ನ ಹೆಸ್ರಿಗೆ, ನನ್ನ ಜೀವ ತಿಂದಿದ್ದೂ ಅದೇ ಹೆಸ್ರಿನೋನು.”

ಜುಲೈ ಪೂರ್ತಿ ಅವನು ಉಕ್ಕಿನ ಚೂರುಗಳ ಮೇಲೆ ಅಭ್ಯಾಸ ಮಾಡಿದ. ಕಲ್ಲು ಪುಡಿಯಾಗುತ್ತದೆ, ಉಕ್ಕು ಸುರುಳಿಯಾಗಿ ಏಳುತ್ತದೆ. ಕೈ ಹೊಸದಾಗಿ ಕಲಿಯಬೇಕಿತ್ತು. ಆಗಸ್ಟಿನ ಒಂದು ಶನಿವಾರ ಬೆಳಗ್ಗೆ ಕ್ಲೋಡೆಟ್‌ಳನ್ನು ಬರಹೇಳಿದ. ಯಾಕೆಂದು ಕೇಳಿದರೆ, ಸರ್ಕಾರದ ಕಡೆಯವರು ಒಬ್ಬರಿರಲಿ ಎಂದ.

ನಳಿಗೆಯನ್ನು ಮೇಜಿಗೆ ಜೋಡಿಸಿದ, ತೊಗಲು ಹೊದಿಸಿದ ಇಕ್ಕಳದಲ್ಲಿ ಬಿಗಿದು, ಬಿಳಿ ಬಣ್ಣ ಸವರಿ, ಸೂಜಿಯಂಥ ಪೆನ್ಸಿಲಿನಿಂದ ಅಕ್ಷರ ಬರೆದುಕೊಂಡಿದ್ದ. ಒಂದೊಂದು ಅಕ್ಷರ ಅಕ್ಕಿಕಾಳಿನ ಅರ್ಧದಷ್ಟು. ಬರೆದದ್ದು ಹೆಸರಿನಿಂದ ಶುರುವಾಗಿತ್ತು, ಕೆತ್ತಲು ಶುರು ಮಾಡಿದ್ದು ತುದಿಯಿಂದ. ಮೊದಲು ರಾಜ್ಯ: ವರ್ಮಾಂಟ್. ಆಮೇಲೆ ಊರು. ಅಷ್ಟಕ್ಕೇ ಒಂದೂವರೆ ತಾಸು. ಕೊಳವೆಯ ದುಂಡು ಮೈಯ ಮೇಲೆ ಉಳಿಯ ಮೊನೆ ಜಾರುವುದಕ್ಕೆ ಒಂದು ಕೂದಲಿನಷ್ಟು ತಪ್ಪು ಸಾಕು. ಕ್ಲೋಡೆಟ್ ಅವನ ಹೆಗಲ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದಳು. ಈ ಮುದುಕನ ಕೈ ಕಾಫಿ ಲೋಟ ಎತ್ತುವಾಗ ನಡುಗುವುದನ್ನು ಅವಳು ನೋಡಿದ್ದಳು. ಉಳಿ ಹಿಡಿದಾಗ ನಡುಕ ಮಾಯವಾಗಿತ್ತು.

ಊರು ಮುಗಿಸಿ ಅವನು ಉಳಿ ಕೆಳಗಿಟ್ಟ. ಎದ್ದು ಬಾಗಿಲವರೆಗೆ ಹೋದ, ಬಂದ. ಕೂತ. ಡೆಲ್ಫೀನಾ ಬಾಗಿಲಲ್ಲಿ ಬೀನ್ಸು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು. ಅವನು ಮನೆತನದ ಹೆಸರಿನ ಮೊದಲ ಅಕ್ಷರದ ಬಾಗು ಕೆತ್ತಿದ, ಅದರ ಒಳಗಿನಿಂದ ಬೆಳ್ಳಿಯ ಎಳೆಯಂಥ ಸುರುಳಿ ಎದ್ದು ಮೇಜಿನ ಮೇಲೆ ಬಿತ್ತು. ಆಮೇಲೆ ನಿಲ್ಲಲಿಲ್ಲ.

ಮುಗಿದಾಗ ಒಂದು ಗಂಟೆ ಹೊಡೆದಿತ್ತು. ಬಿಳಿ ಬಣ್ಣ ಒರೆಸಿ ಅವನು ಭೂತಗನ್ನಡಿಯನ್ನು ಕ್ಲೋಡೆಟ್ ಕೈಗೆ ಕೊಟ್ಟ. ಅವಳು ಕಣ್ಣಿಟ್ಟಳು. ಸಮಾಧಿಕಲ್ಲಿನ ಮೇಲೆ ಅಂಗೈ ಅಗಲ ಇರುವ ಅಕ್ಷರಗಳ ಅದೇ ಗಾಂಭೀರ್ಯ, ಅದೇ ಪಾದ, ಅದೇ ತಲೆಕಟ್ಟು, ಇರುವೆ ಹರಿದಾಡುವಷ್ಟು ಜಾಗದಲ್ಲಿ. ಎರಡು ‘ಎಲ್’ಗಳ ನಡುವಿನ ಸಂದಿಯಲ್ಲಿ ಬೆಳಕು ಬಿದ್ದು ಮಿಂಚುತ್ತಿತ್ತು. ಗಾಜು ತೆಗೆದರೆ ಬರೀ ಒಂದು ಬೂದು ಗೆರೆ. ಇಟ್ಟರೆ ಒಬ್ಬ ಮನುಷ್ಯನ ಹೆಸರು. ಅವಳು ಗಾಜನ್ನು ನಾಲ್ಕೈದು ಸಲ ಇಟ್ಟು ತೆಗೆದು ಮಾಡಿದಳು. ಕಡೆಗೆ ತನ್ನ ತಲೆಯ ಮೇಲಿದ್ದ ಟೋಪಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು.

“ಏನಮ್ಮ, ಕಾನೂನಿಗೆ ಸಾಕಾ?” ಎಂದ ರೀನೊ.

“ಕಾನೂನಿಗೆ ಜಾಸ್ತಿಯಾಯ್ತು.”

ಅಕ್ಟೋಬರ್ ಎರಡನೇ ವಾರ, ಎಲೆ ಅರ್ಧ ಉದುರಿದ ಮೇಲೆ, ಮೂವರೂ ಹಳ್ಳದ ಪಕ್ಕದ ಆಲ್ಡರ್ ಪೊದೆಗೆ ಹೋದರು. ಡೆಲ್ಫೀನಾ ಟ್ರಕ್ಕಿನಿಂದ ಇಳಿಯಲಿಲ್ಲ. ಕಿಟಕಿ ಇಳಿಸಿ, ಫ್ಲಾಸ್ಕು ತೆರೆದು, ಆಟ ನೋಡಲು ಬಂದವಳಂತೆ ಕೂತಳು. ರೀನೊ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಪೊದೆಯೊಳಗೆ ನುಗ್ಗಿದ. ಉದ್ದ ನಳಿಗೆಯಾದರೆ ಹೆಜ್ಜೆಗೊಂದು ರೆಂಬೆಗೆ ಸಿಕ್ಕಿಕೊಳ್ಳುವ ಜಾಗ. ಮೋಟು ಬಂದೂಕು ಅವನ ಮೈಯ ಭಾಗವೇ ಎಂಬಂತೆ ಸರಿದುಹೋಗುತ್ತಿತ್ತು. ಕ್ಲೋಡೆಟ್ ಹತ್ತು ಹೆಜ್ಜೆ ಹಿಂದೆ.

ಮೊದಲ ಹಕ್ಕಿ ಕಾಲಬುಡದಿಂದಲೇ ಗುಡುಗಿನಂತೆ ಎದ್ದಿತು. ಅವನು ಹೆಗಲಿಗೇರಿಸಿದ, ಆದರೆ ಬೆರಳು ಒಂದು ಕ್ಷಣ ತಡೆಯಿತು. ಹೊಡೆದ. ಗುಡ್ಡದಿಂದ ಗುಡ್ಡಕ್ಕೆ ಸದ್ದು ಉರುಳಿತು. ಅರವತ್ತು ವರ್ಷ ಗೋಡೆಯ ಮೇಲೆ ಬಾಯಿ ಮುಚ್ಚಿಕೊಂಡಿದ್ದ ಬಂದೂಕು ದುಂಡಗೆ, ಪೂರ್ತಿ ಗಂಟಲಿನಿಂದ ಮಾತಾಡಿತ್ತು. ಹಕ್ಕಿ ಆರಾಮಾಗಿ ಹಾರಿಹೋಯಿತು.

ರೀನೊ ಬಂದೂಕನ್ನು ಇಳಿಸಿ, ನಳಿಗೆಯನ್ನು ಉದ್ದಕ್ಕೂ ಸವರಿ ನೋಡಿದ. ಬಿಸಿಯಾಗಿತ್ತು, ನೆಟ್ಟಗಿತ್ತು. “ಕೇಳ್ದ್ಯಾ?” ಎಂದ. ಅವನ ಕಣ್ಣು ತುಂಬಿತ್ತು. “ಕೇಳ್ದ್ಯಾ ಅದನ್ನ?”

“ಕೇಳಿಸ್ತು,” ಎಂದಳು ಕ್ಲೋಡೆಟ್.

“ನಂಗೂ ಕೇಳಿಸ್ತು!” ಟ್ರಕ್ಕಿನಿಂದ ಡೆಲ್ಫೀನಾ ಕೂಗಿದಳು. “ರಾತ್ರಿಗೆ ಸದ್ದನ್ನೇ ಬೇಯಿಸ್ಲೋ?”

ಎರಡನೆಯದೂ ತಪ್ಪಿತು. ಮೂರನೆಯದು ಹಳ್ಳದ ಆಚೆಯಿಂದ ಅಡ್ಡಲಾಗಿ ಬಂತು. ಈ ಸಲ ಅವನು ತಡೆಯಲಿಲ್ಲ. ಹಿಡಿ ಹಿಂದಕ್ಕೂ ಮುಂದಕ್ಕೂ ಒಮ್ಮೆ ಸರಿದ ಸದ್ದು, ಢಂಕಾರ, ಗಾಳಿಯಲ್ಲಿ ಒಂದೆರಡು ಕಂದು ಗರಿ.

ಆ ಸಂಜೆ ಡೆಲ್ಫೀನಾ ಹಕ್ಕಿಯನ್ನು ಅಣಬೆ, ವೈನು ಹಾಕಿ ಬೇಯಿಸಿ, ಹಲಗೆಯ ಮೇಲೆ ಸುರಿದ ಪೊಲೆಂಟಾ ಎಂಬ ಬಿಸಿ ಮೆಕ್ಕೆಜೋಳದ ಮುದ್ದೆಯ ನಡುವೆ ಬಡಿಸಿದಳು. ಒಂದು ಹಕ್ಕಿ, ಮೂರು ಜನ. ತಲೆಗೆ ನಾಲ್ಕು ತುತ್ತು ಬಂದಿದ್ದರೆ ಹೆಚ್ಚು. ಕ್ಲೋಡೆಟ್ ಮೂರನೆಯ ತುತ್ತು ಅಗಿಯುವಾಗ ಹಲ್ಲಿಗೆ ಏನೋ ಗಟ್ಟಿಯಾಗಿ ಸಿಕ್ಕಿತು. ತೆಗೆದು ತಟ್ಟೆಯಂಚಿಗೆ ಹಾಕಿದಳು. ಸಾಸಿವೆಗಿಂತ ಸ್ವಲ್ಪ ದೊಡ್ಡ, ಬಂದೂಕಿನ ಚರೆ, ಟಣ್ ಎಂದು ಉರುಳಿ ನಿಂತಿತು.

“ನಿನ್ನ ಅದೃಷ್ಟ,” ಎಂದ ರೀನೊ, ಬ್ರೆಡ್ಡು ಮುರಿಯುತ್ತ. “ಇನ್ನೊಂದು ತುಂಡು ಹಾಕ್ಕೋ. ಡೆಲ್ಫೀನಾ, ಆ ಕಡೆಯಿಂದ ಅವಳಿಗೆ ಹಾಕೇ.”